ಶೀನಪ್ಪ ಬಿಟ್ಟುಕೊಟ್ಟ ವಿಸಿಲ್

೨೦೨೪ನೆಯ ಇಸವಿ ಫೆಬ್ರವರಿ ೫, ಸೋಮವಾರ. ಚಳಿಗಾಲ ಮುಗಿಯುತ್ತ ಬಂದಿತ್ತು; ಬೆಳಗಿನ ಮಂಜು ಪೂರ್ತಿ ಕರಗುವ ಮೊದಲೇ ಸೆಕೆ ಕಾಲಿಟ್ಟಿತ್ತು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಿತು. ದಿನಾ ಅಲ್ಲಿಂದ ಕಾಲೇಜಿಗೆ ಹೋಗುತ್ತಿದ್ದ ಸಾತ್ವಿಕಾ ಹತ್ತಲಿಲ್ಲ. ಹಿಂದಿನ ವಾರವೂ ಹತ್ತಿರಲಿಲ್ಲ. ಕಂಡಕ್ಟರ್ ಶೀನಪ್ಪ ಅವಳು ಬರುವ ದಾರಿಯನ್ನೊಮ್ಮೆ ನೋಡಿ ರೈಟ್ ಹೇಳಿದ.

ಕಾರಣ ಅವನಿಗೆ ಗೊತ್ತಿತ್ತು. ಶೋಧನ್ ಎಂಬ ಕಾಲೇಜು ಹುಡುಗ ನೂಕುನುಗ್ಗಲಿನ ನೆಪದಲ್ಲಿ ಅವಳಿಗೆ ಒತ್ತಿ ನಿಲ್ಲುವುದನ್ನೂ ಕದ್ದು ಫೋಟೊ ತೆಗೆಯುವುದನ್ನೂ ಕಂಡಿದ್ದ ಶೀನಪ್ಪ, ಊರ ವಾಡಿಕೆಯಂತೆ ಹುಡುಗಿಯ ತಾಯಿ ರಾಜೀವಿಯ ಕಿವಿಗೆ ಹಾಕಿದ್ದ. ಮಗಳ ಹಾಗೆಂದು ಬಗೆದು ಆಡಿದ ಮಾತು. ಗಂಡ ದುಬೈಯಲ್ಲಿದ್ದ ರಾಜೀವಿ ಹೆದರಿ, ಮಗಳ ಕೊನೆಯ ವರ್ಷದ ಓದನ್ನೇ ನಿಲ್ಲಿಸಿಬಿಟ್ಟಿದ್ದಳು.

ಶೋಧನ್‌ನ ಗೆಳೆಯ ಅಶ್ವಿತ್ ಹಿಂಬಾಗಿಲಲ್ಲಿ ನಿಂತಿದ್ದ. ಶೀನಪ್ಪ ಅವನಿಗೆ ಎಲ್ಲವನ್ನೂ ಹೇಳಿದ.

"ಅವಳ ಅಮ್ಮನಿಗೆ ಯಾಕೆ ಶೀನಪ್ಪಣ್ಣ? ಶೋಧನ್‌ನ ಅಮ್ಮನಿಗಲ್ವಾ ಹೇಳಬೇಕಾದ್ದು?"

ಶೀನಪ್ಪ ಮಾತನ್ನು ಅವನತ್ತಲೇ ತಿರುಗಿಸಿದ. "ನೀನು ಪಕ್ಕದಲ್ಲೇ ಇದ್ದಿಯಲ್ಲ ಮಾರಾಯ, ನಿನ್ನ ಬಾಯಲ್ಲಿ ಎಂತ, ಅವಲಕ್ಕಿ ಇತ್ತಾ?"

"ನಾನು ನಕ್ಕದ್ದುಂಟು," ಅಶ್ವಿತ್ ತಲೆ ತಗ್ಗಿಸಿದ. "ಇನ್ನು ನಗುವುದಿಲ್ಲ."

ಶೀನಪ್ಪ ಕೊರಳಿನ ವಿಸಿಲ್ ತೆಗೆದು ಅವನ ಅಂಗೈಯಲ್ಲಿಟ್ಟ. "ಅಂಥದ್ದು ಕಂಡರೆ ಊದು. ಬಸ್ಸು ನಿಲ್ತದೆ. ಅವನು ಇಳಿಯದೆ ನಾನು ರೈಟ್ ಹೇಳುವುದಿಲ್ಲ."

"ನಿಮಗೆ?"

"ನನಗೆ ಬಾಯಿ ಉಂಟು."

ಮರುದಿನ ಶೋಧನ್ ಇನ್ನೊಬ್ಬ ಹುಡುಗಿಯತ್ತ ಮೊಬೈಲು ಹಿಡಿದಾಗ ವಿಸಿಲ್ ಕೇಳಿಸಿತು. ಬಸ್ಸು ನಿಂತಿತು.

"ಮೊನ್ನೆ ನನ್ನ ಜೊತೆ ನಕ್ಕವನು ನೀನೇ ಅಲ್ವಾ?" ಶೋಧನ್ ಹಂಗಿಸಿದ.

"ಹೌದು. ಅದಕ್ಕೇ ನಾನೇ ಊದಿದ್ದು. ಫೋಟೊ ಎಲ್ಲ ಅಳಿಸಿ ಇಳಿ."

ಯಾರೂ ನಗಲಿಲ್ಲ. ಶೋಧನ್ ಅಳಿಸಿ ಇಳಿದ. ಆ ಸಂಜೆ ಶೀನಪ್ಪ ಅವನ ತಾಯಿಯನ್ನು ಕಂಡು ವಿಷಯ ತಿಳಿಸಿದ.

ಭಾನುವಾರ ಶೀನಪ್ಪ, ಅಶ್ವಿತ್ ಇಬ್ಬರೂ ರಾಜೀವಿಯ ಮನೆಗೆ ಹೋದರು. ಅವಳು ಬೆಲ್ಲ, ನೀರು ತಂದಿಟ್ಟಳು.

"ತಪ್ಪು ನನ್ನದು ರಾಜೀವಿ ಅಕ್ಕ. ಹೇಳಬೇಕಾದ ಮನೆ ಬಿಟ್ಟು ನಿಮ್ಮ ಮನೆಗೆ ಹೇಳಿದೆ."

ನಡೆದದ್ದನ್ನೆಲ್ಲ ಕೇಳಿದ ರಾಜೀವಿ ಅಶ್ವಿತ್‌ನತ್ತ ತಿರುಗಿದಳು. "ನಾಳೆ ನೀನು ಬಸ್ಸಲ್ಲಿ ಇರ್ತೀಯಾ ಮಗ?"

"ಇರ್ತೇನೆ."

"ಅವನು ಇರಲಿ," ಬಾಗಿಲಲ್ಲಿ ನಿಂತಿದ್ದ ಸಾತ್ವಿಕಾ ಕೈ ಚಾಚಿದಳು. "ವಿಸಿಲ್ ನನ್ನ ಹತ್ತಿರ ಇರಲಿ."

ಅಶ್ವಿತ್ ಶೀನಪ್ಪನ ಮುಖ ನೋಡಿದ. ಶೀನಪ್ಪ ರಾಜೀವಿಯ ಮುಖ ನೋಡಿದ. ರಾಜೀವಿ ಆಗಲಿ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಅಶ್ವಿತ್ ವಿಸಿಲನ್ನು ಸಾತ್ವಿಕಾಳ ಅಂಗೈಯಲ್ಲಿಟ್ಟ.

ಸಾತ್ವಿಕಾ ಫೆಬ್ರವರಿ ೧೨ರಂದು ಕಾಲೇಜಿಗೆ ಮರಳಿ, ಆ ವರ್ಷವೇ ಪದವಿ ಮುಗಿಸಿದಳು. ಶೋಧನ್ ಬೇರೆ ಬಸ್ಸು ಹಿಡಿದ. ಆ ಬಸ್ಸಿನಲ್ಲಿಯೂ, ಬೆಳ್ತಂಗಡಿ ಕಡೆಯ ಒಂದು ಬಸ್ಸಿನಲ್ಲಿಯೂ ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳು ವಿಸಿಲ್ ಇಟ್ಟುಕೊಂಡರು. ಶೀನಪ್ಪ ತನಗೊಂದು ಹೊಸ ವಿಸಿಲ್ ಕೊಂಡ.