ಅಷ್ಟೇ ಅಲ್ಲ ಕಣ್ಲಾ

ಪಾಂಡವಪುರದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಬೋರಲಿಂಗಯ್ಯ ಮೇಷ್ಟ್ರು, ಹಳೆಯ ಶಿಷ್ಯರು ಸಿಕ್ಕರೆ ಈಗಲೂ ಸಂತೆಯಲ್ಲೇ ಪಾಠ ಶುರು ಮಾಡುತ್ತಾರೆ. ಆಗ ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದು, ಸೀಮೆಸುಣ್ಣದಿಂದ ಟಕಟಕ ಚುಕ್ಕಿಯಿಟ್ಟು, "ಇವು ರೈಬೋಸೋಮು, ಪ್ರೋಟೀನು ಕಟ್ಟೋ ಕಾರ್ಖಾನೆ, ಅಷ್ಟೇ ಕಣ್ರೋ!" ಎನ್ನುತ್ತಿದ್ದವರು, ಈಗ ಬದನೆಕಾಯಿ ಆರಿಸುವುದನ್ನೂ ಮರೆತು ನಿಂತುಬಿಡುತ್ತಾರೆ: "ಅಷ್ಟೇ ಅಲ್ಲ ಕಣ್ಲಾ. ಮೈಯಲ್ಲಿ ಉರಿಯೂತ ಎದ್ದಾಗ ಆ ರೈಬೋಸೋಮಿನೊಳಗಿನ ಒಂದು ಪ್ರೋಟೀನು ಆಚೆ ಬಂದು, ಸಾಕು ಅಂತ ತಡೀತದಂತೆ. ನಿಮ್ಗೆ ಅರ್ಧನೇ ಯೋಳ್ಕೊಟ್ಬುಟ್ಟಿದ್ದೆ." ಆ ದನಿ ಕೇಳಿದರೆ ಮತ್ತೆ ಕಡೇ ಬೆಂಚಿನಲ್ಲಿ ಕೂತಂತಾಗುತ್ತದೆ. ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಸಂಧಿವಾತದಿಂದ ಮಡಚಿಕೊಂಡ ಹೆಂಡತಿ ಚಿಕ್ಕತಾಯಮ್ಮನವರ ಬೆರಳುಗಳನ್ನು ಬಿಸಿನೀರಿನಲ್ಲಿ ಒಂದೊಂದಾಗಿ ಬಿಡಿಸುತ್ತಿದ್ದರು. "ಇವಳಿಗ್ಯಾಕೆ ಆ ಪ್ರೋಟೀನು ತಡೀಲಿಲ್ಲ ಅಂತ ಉಡುಕ್ತಾ ಇವ್ನಿ ಕಣ್ಲಾ," ಎಂದರು. ಚಿಕ್ಕತಾಯಮ್ಮ ನಕ್ಕು, "ಮೊದ್ಲು ನೀರು ಬದಲಾಯ್ಸಿ, ತಣ್ಣಗಾಯ್ತು," ಎಂದರು.