ಗರಡಿಯಲ್ಲಿ ಒಂದು ಸುತ್ತು

ಹಳಿಯಾಳದ ಪೈಲ್ವಾನರ ಮನೆಯವನು ನಾನು ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಾಲು ನೋಡುತ್ತಾರೆ, ಆಮೇಲೆ ಮರ್ಯಾದೆಗಾಗಿ ಮಾತು ಬದಲಿಸುತ್ತಾರೆ. ಅವರ ತಪ್ಪೇನಿಲ್ಲ. ಅಪ್ಪ ನಡೆದರೆ ನಾಗಂದಿಗೆಯ ಪಾತ್ರೆಗಳು ಅಲುಗುತ್ತಿದ್ದವು. ನಾನು ನಡೆದರೆ ಬೆಕ್ಕೂ ತಲೆ ಎತ್ತುವುದಿಲ್ಲ.

ನನ್ನ ರಕ್ತಕ್ಕೆ ಹೆಪ್ಪುಗಟ್ಟುವ ಬುದ್ಧಿಯಿಲ್ಲ. ಅದಕ್ಕೆ ಹಿಮೋಫೀಲಿಯಾ ಎಂಬ ಹೆಸರಿದೆಯೆಂದು ತಿಳಿದದ್ದು ಎಷ್ಟೋ ತಡವಾಗಿ. ಯುರೋಪಿನ ಅರಮನೆಗಳಲ್ಲೂ ಇದೇ ಕಾಯಿಲೆಯಿತ್ತೆಂದು ಓದಿದ ದಿನ ಸ್ವಲ್ಪ ಹೊತ್ತು ಎದೆಯುಬ್ಬಿಸಿ ಕೂತಿದ್ದೆ. ಆದರೆ ಅವರಿಗೆ ಬೀಳಲು ರತ್ನಗಂಬಳಿಯಿತ್ತು. ನಮ್ಮಲ್ಲಿದ್ದದ್ದು ಸಗಣಿ ಸಾರಿಸಿದ ನೆಲ, ಜೊತೆಗೆ ಅವ್ವನ ಕಣ್ಣು. ಅವಳ ತಮ್ಮ ಮುಂಡಗೋಡದಲ್ಲಿ ಒಂದು ಹಲ್ಲು ಕೀಳಿಸಿಕೊಂಡು, ರಕ್ತ ನಿಲ್ಲದೆ ತೀರಿಕೊಂಡಿದ್ದ. ಹಾಗಾಗಿ ನನಗೆ ಮರ ಹತ್ತುವಂತಿಲ್ಲ, ಓಡುವಂತಿಲ್ಲ, ಗರಡಿಯಂತೂ ಇಲ್ಲವೇ ಇಲ್ಲ.

ಮಹಾಯುದ್ಧದ ಕಾಲ. ಶಾಲೆಯ ಮೆಟ್ಟಿಲಲ್ಲಿ ನನ್ನ ಮೊಣಕಾಲು ತಿರುಚಿತು. ಗಾಯವಿಲ್ಲ, ಗೀರಿಲ್ಲ, ಮಧ್ಯಾಹ್ನದೊಳಗೆ ಉಬ್ಬಿ ಬಿಸಿಯಾಯಿತು. ರಕ್ತ ಕಂಡಿದ್ದರೆ ಅಪ್ಪನೂ ಹೆದರುತ್ತಿದ್ದ. ಕಾಣಲಿಲ್ಲವಾದ್ದರಿಂದ ಉಳುಕು ಎಂದುಕೊಂಡ. ಉಳುಕಿಗೆ ಪೈಲ್ವಾನರ ಮನೆಯಲ್ಲಿ ಒಂದೇ ಮದ್ದು: ಬಿಸಿ ಎಣ್ಣೆ ಹಾಕಿ ತಿಕ್ಕುವುದು. ನಾನು ಕಿರುಚಿದಷ್ಟೂ ಅವನು, "ತಡಿಯೋ, ಬಿಡ್ತೈತಿ, ಇನ್ನೊಂಚೂರು" ಎನ್ನುತ್ತ ಪ್ರೀತಿಯಿಂದಲೇ ಒತ್ತಿದ. ಕಾಲು ಊದುತ್ತಲೇ ಹೋಯಿತು. ಒಳಗಿನಿಂದ ಓಡಿಬಂದ ಅವ್ವ ಅಪ್ಪನ ಕೈ ಹಿಡಿದೆಳೆದಳು.

"ಕೈ ತಗೀರಿ! ಒಳಗ ರಕ್ತ ಸೋರಾಕತ್ತೈತ್ರಿ. ನನ್ನ ತಮ್ಮಗೂ ಹಿಂಗ ಊದತಿತ್ತು."

ಅಷ್ಟು ದೊಡ್ಡ ಮನುಷ್ಯ ಮೂಲೆಯಲ್ಲಿ ಕೂತು ಅಂಗೈಯ ಎಣ್ಣೆ ಒರೆಸಿಕೊಳ್ಳುತ್ತಲೇ ಇದ್ದ.

ಡಾಕ್ಟರರೂ ಅವ್ವನ ಮಾತೇ ನಿಜವೆಂದರು. ಊತ ಇಳಿಯುವವರೆಗೆ ಅಲುಗಾಡಬಾರದು. ಇಳಿದ ಮೇಲೆ ನಡೆಯಲೇಬೇಕು, ಇಲ್ಲದಿದ್ದರೆ ಮಡಚಿದ ಕಾಲು ಹಾಗೆಯೇ ನಿಂತುಬಿಡುತ್ತದೆ. ನಡೆಯುವಾಗ ಬಿದ್ದರೆ ಮಾತ್ರ ಮತ್ತೆ ರಕ್ತ ಸೋರೀತು. ಅಂದರೆ ಕೂತರೆ ಕುಂಟ, ಬಿದ್ದರೆ ದೇವರೇ ಗತಿ. ನಡಿಗೆಯೆಂಬ ಸಾಮಾನ್ಯ ಕೆಲಸದಲ್ಲಿ ಇಷ್ಟು ಆತಂಕವಿರುತ್ತದೆಂದು ಕಾಲು ನೆಟ್ಟಗಿರುವವರಿಗೆ ಹೇಗೆ ಗೊತ್ತಾಗಬೇಕು!

ಊತ ಇಳಿಯಿತು. ಆದರೆ ಅವ್ವ ನನ್ನನ್ನು ಹಾಸಿಗೆಯಿಂದ ಇಳಿಸಲು ಒಪ್ಪಲಿಲ್ಲ. ದಿನ ಕಳೆದಂತೆ ಮೊಣಕಾಲು ಮರಗಟ್ಟುತ್ತ ಬಂತು. ಕೊನೆಗೆ ಅಪ್ಪ ತಲೆ ತಗ್ಗಿಸಿಯೇ ಕೇಳಿದ: "ಗರಡ್ಯಾಗ ನಡಸ್ಲೇನು? ಮಣ್ಣು ಮೆತ್ತಗೈತಿ."

ಎಣ್ಣೆ, ಮಜ್ಜಿಗೆ ಕಲಸಿ ದಿನಾ ಅಗೆದು ಹದಮಾಡಿದ ಕೆಂಪು ಮಣ್ಣದು. ಅಷ್ಟು ಮೆತ್ತನೆಯ ಹಾಸಿಗೆ ಊರಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅವ್ವ ಮರಗಟ್ಟಿದ ನನ್ನ ಕಾಲು ನೋಡಿ, "ನಾನೂ ಬರ್ತೇನಿ" ಎಂದಳು. ಹೆಂಗಸರು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ಬಾಗಿಲಲ್ಲೇ ನಿಂತಳು.

ಸಾಮು ಮಾಡುತ್ತಿದ್ದವರೆಲ್ಲ ಗೋಡೆಗೆ ಆತು ನನಗೆ ಜಾಗ ಬಿಟ್ಟರು. ಪೈಲ್ವಾನರು ನನಗೆ ಹೆದರಿ ಹಿಂದೆ ಸರಿದದ್ದು ಅದೊಂದೇ ಸಲ. ಅಪ್ಪನ ಬೆರಳು ಬಿಟ್ಟೆ. ನೆಟ್ಟಗಾಗದ ಕಾಲನ್ನು ಎಳೆಯುತ್ತ ಹೊರಟೆ. ಹೇಗೋ ಒಂದು ಸುತ್ತು ಮುಗಿಸುವಷ್ಟರಲ್ಲಿ ಧೊಪ್ಪೆಂದು ಬಿದ್ದೆ, ಅದೂ ಅದೇ ಮೊಣಕಾಲಿನ ಮೇಲೆ. ಎಂಥೆಂಥವರನ್ನೋ ಚಿತ್ ಮಾಡಿದ ಅಪ್ಪ ಕಂಬ ಹಿಡಿದು ಕಣ್ಣು ಮುಚ್ಚಿಕೊಂಡ.

ಅವ್ವ ಒಳಗೆ ಬಂದಳು. ಯಾರೂ ತಡೆಯಲಿಲ್ಲ. ಮಣ್ಣಿನಲ್ಲಿ ಕೂತು ನನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. ಬಿಸಿಯೇರಿದರೆ ಒಳಗೆ ರಕ್ತ ಇಳಿಯುತ್ತಿದೆ ಎಂದರ್ಥ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ! ಇನ್ನು ನನ್ನನ್ನು ಎತ್ತಿಕೊಂಡು ಹೋಗಿ ಹಾಸಿಗೆಗೆ ಹಾಕುತ್ತಾಳೆ, ಜನ್ಮದಲ್ಲಿ ಇಳಿಸುವುದಿಲ್ಲ ಎಂದುಕೊಂಡೆ.

ಅವ್ವ ಕೈ ತೆಗೆದಳು.

"ತಣ್ಣಗೈತಿ," ಎಂದಳು. "ಏಳು. ಇನ್ನೊಂದು ಸುತ್ತು ಹಾಕು."