ವಾಡೆ ತಂಡದ ಹುಲಿಗೆಮ್ಮ

ಹಿಂದಿನಿಂದ ಯಾರಾದರೂ ‘ಸಾರ್’ ಎಂದು ಕರೆದರೆ ರಿಟೈರ್ಡ್ ಮೇಷ್ಟ್ರ ಎದೆ ಉಬ್ಬಬೇಕು. ಕಳೆದ ಭಾನುವಾರ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನದು ಉಬ್ಬಲಿಲ್ಲ. ಧಸಕ್ಕೆಂದಿತು.

ಕರೆದವಳು ಹುಲಿಗೆಮ್ಮ. ಹದಿನಾಲ್ಕು ವರ್ಷದ ಹಿಂದೆ ಇದೇ ಊರಲ್ಲಿ ನನ್ನ ಬಳಿ ನಾಲ್ಕನೇ ಕ್ಲಾಸು ಓದಿದವಳು. ಈಗ ತೆಕ್ಕಲಕೋಟೆ ಕಡೆ ಒಂದು ಹಳ್ಳಿಯಲ್ಲಿ ತಾನೇ ಟೀಚರ್. ಖುಷಿಪಡಬೇಕಾದ್ದೇ. ಆದರೆ ನನಗೆ ನೆನಪಾದದ್ದು ಒಂದು ಶನಿವಾರ.

ಆ ವರ್ಷ ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ಟರು ಬಂದಿದ್ದರು. ಕುರುಗೋಡಿನವರು, ಉತ್ಸಾಹಿ. ಬಳ್ಳಾರಿಯ ಯಾವುದೋ ಕಾನ್ವೆಂಟಿನಲ್ಲಿ ಮಕ್ಕಳನ್ನು ನಾಲ್ಕು ‘ಹೌಸ್’ ಮಾಡಿ ಪೈಪೋಟಿಗೆ ಹಚ್ಚಿದ್ದನ್ನು ನೋಡಿಬಂದಿದ್ದರು. ಅಲ್ಲಿ ಯಾರೋ ಬಿಳಿ ದೊರೆಗಳ ಹೆಸರಿಟ್ಟಿದ್ದರಂತೆ. ನಮ್ಮೂರಲ್ಲೇ ತಲತಲಾಂತರದ ಮನೆಗಳಿರುವಾಗ ದೊರೆಗಳ ಹಂಗೇಕೆ ಎಂದರು. ಒಳ್ಳೆಯ ಮಾತೇ ಅಲ್ಲವೇ? ನಾನೇ ಬೋರ್ಡಿನ ಮೇಲೆ ಬರೆದೆ: ಗೌಡರ ವಾಡೆ, ಶಾನುಭೋಗರ ಮನೆ, ಬುರುಜಿನ ಮನೆ, ಹತ್ತಿ ಸಾಹೇಬರ ಹವೇಲಿ.

ಯಾರು ಯಾವ ಮನೆ ಎಂಬುದಕ್ಕೆ ಚೀಟಿ ಎತ್ತಿಸಿದೆವು. (ಮರುದಿನ ಒಬ್ಬ ತಂದೆ ಬಂದು, ಒಂದು ಮಾತೂ ಕೇಳದೆ ನಮ್ಮ ಮಗಳನ್ನು ಶಾನುಭೋಗರಿಗೆ ದತ್ತು ಕೊಟ್ಟಿರಂತಲ್ಲ ಎಂದು ಜಗಳಕ್ಕೇ ನಿಂತ. ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು.)

ಹೆಡ್‌ಮಾಸ್ಟರು ಇನ್ನೊಂದು ಪದ್ಧತಿ ಮಾಡಿದರು. ತಿಂಗಳಿಗೊಮ್ಮೆ ಗೆದ್ದ ತಂಡ ಶನಿವಾರ ತನ್ನ ಹೆಸರಿನ ಮನೆಗೆ ಹೋಗಬೇಕು. ತಲೆಬಾಗಿಲಿನಿಂದಲೇ ಒಳಗೆ. ಪಡಸಾಲೆಯಲ್ಲಿ ಸಾಲಾಗಿ ಕೂತು, ಆ ಮನೆಯ ಹಿರಿಯರ ಕೈಯಿಂದ ಶೇಂಗಾ ಉಂಡಿ ತಿಂದು ಬರಬೇಕು. ನಾಲ್ಕೂ ಮನೆಯವರು ಒಪ್ಪಿದರು.

ಹುಲಿಗೆಮ್ಮನ ಚೀಟಿಯಲ್ಲಿ ಗೌಡರ ವಾಡೆ ಬಂತು.

ಅವಳ ಅವ್ವ ಅದೇ ವಾಡೆಯ ಅಂಗಳ ಗುಡಿಸುವವಳು. ತಾಯಿ ಮಗಳಿಬ್ಬರೂ ಹಿತ್ತಲ ಬಾಗಿಲನ್ನು ಬಲ್ಲವರೇ ಹೊರತು ತಲೆಬಾಗಿಲು ದಾಟಿದವರಲ್ಲ. ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇಳಿದವರಿಗೂ ಕೇಳದವರಿಗೂ ‘ನಾನು ವಾಡೇದಾಕಿ’ ಎಂದು ಹೇಳಿಕೊಂಡು ತಿರುಗಿದಳು. ಮೊದಲ ತಿಂಗಳೇ ವಾಡೆ ತಂಡ ಗೆದ್ದಿತು. ಗೆಲ್ಲಿಸಿದ್ದು ಓಟದಲ್ಲಿ ಇವಳು.

ಶುಕ್ರವಾರ ಗೌಡರಿಂದ ಹೇಳಿಕೆ ಬಂತು. ಅವರ ಮೊಮ್ಮಗಳು ಸುಮಂಗಲಾ ಚೀಟಿಯಲ್ಲಿ ಶಾನುಭೋಗರ ತಂಡಕ್ಕೆ ಬಿದ್ದಿದ್ದಳು. ನಮ್ಮ ಮನೆ ಹುಡುಗಿ ಇನ್ನೊಬ್ಬರ ಮನೆ ಹೆಸರು ಹೇಳಿಕೊಂಡು ಓಡುವುದು ಬೇಡ ಎಂದಿದ್ದರು. ಗದರಿಸಿರಲಿಲ್ಲ. ಗದರಿಸುವ ಅಗತ್ಯವೂ ಅವರಿಗಿರಲಿಲ್ಲ. ಹೆಡ್‌ಮಾಸ್ಟರು ನನ್ನನ್ನು ಕರೆದು, ಆ ಹುಡುಗಿಯನ್ನು ವಾಡೆಗೆ ಹಾಕಿ ಅಲ್ಲಿಂದ ಒಬ್ಬರನ್ನು ಈಚೆ ತನ್ನಿ ಎಂದರು. ಯಾರನ್ನು ಎಂದು ಹೇಳಲಿಲ್ಲ.

ಆರಿಸಿದ್ದು ನಾನು.

ವಾಡೆ ತಂಡದಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಒಬ್ಬೊಬ್ಬರ ಹೆಸರಿನ ಮೇಲೂ ಬೆರಳಿಟ್ಟು, ಇವರಪ್ಪ ಬಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ಹೋದೆ. ಹುಲಿಗೆಮ್ಮನ ಹೆಸರಿಗೆ ಬಂದಾಗ ಬೆರಳು ನಿಂತಿತು. ಅವಳ ಪರವಾಗಿ ಕೇಳಲು ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಕೆಂಪು ಇಂಕಿನಲ್ಲಿ ಗೆರೆ ಎಳೆದೆ.

ಆದರೆ ಅವಳೇ ಬಂದು ಕೇಳಿದಳು. ಶನಿವಾರ ಬೆಳಿಗ್ಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆಸಿಕೊಂಡು ಬಂದಿದ್ದಳು.

“ಓಡಿದ್ದು ನಾನಲ್ಲೇನ್ರಿ ಸಾರ್?”

ಹೌದು ಎನ್ನಬೇಕಿತ್ತು. ರೂಲ್ಸ್ ಹಾಗಿದೆಯಮ್ಮಾ ಎಂದೆ. ಯಾವ ರೂಲ್ಸು? ಯಾರದು? ಅವಳು ಹೋಗಿ ಶಾನುಭೋಗರ ಸಾಲಿನ ಕೊನೆಯಲ್ಲಿ ನಿಂತಳು. ಆ ವರ್ಷವಿಡೀ ಮತ್ತೆ ಓಡಲೂ ಇಲ್ಲ.

ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನೆಲ್ಲ ಕಕ್ಕಿಬಿಟ್ಟೆ. ತಪ್ಪಾಯಿತಮ್ಮಾ ಎಂದೂ ಹೇಳಿದೆ. ಅವಳು ನಕ್ಕಳು. ತನ್ನ ಶಾಲೆಯಲ್ಲೂ ಹೌಸ್ ಮಾಡಿದ್ದಾಳಂತೆ. ಕೆಂಪು, ಹಳದಿ, ಹಸಿರು, ನೀಲಿ.

“ಬಣ್ಣಕ್ಕ ಮಾಲಕರು ಇರಂಗಿಲ್ಲಲ್ರಿ ಸಾರ್,” ಎಂದಳು.

ನಾನೂ ನಕ್ಕೆ. ಹಗುರಾದೆ ಅಂದುಕೊಂಡೆ. ಆಗ ಅವಳು ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು:

“ನಿಮ್ಮ ಮ್ಯಾಲೆ ಸಿಟ್ಟು ಬರಲಿಲ್ರಿ ನನಗ. ಅವ್ವನ ಮ್ಯಾಲೆ ಬಂದಿತ್ತು. ಅಕಿ ಅಲ್ಲಿ ಕಸ ಹೊಡಿತಾಳ, ಅದಕ್ಕ ನನ್ನ ತೆಗದ್ರು ಅಂತ. ಎಂಟು ದಿನ ಅಕಿ ಜೋಡಿ ಮಾತಾಡಲಿಲ್ಲ. ಯಾಕಂತ ಅಕಿಗೆ ಇವತ್ತಿಗೂ ಗೊತ್ತಿಲ್ಲ.”

ನಾಲ್ಕನೇ ಕ್ಲಾಸಿನ ಹುಡುಗಿಗೆ ಗೊತ್ತಾಗಿತ್ತು. ನನ್ನ ಲೆಕ್ಕಾಚಾರ ನನ್ನ ತಲೆಯೊಳಗೇ ಇದೆ ಎಂದುಕೊಂಡು ನಾನು ಇಷ್ಟು ವರ್ಷ ನೆಮ್ಮದಿಯಾಗಿ ಉಂಡಿದ್ದೆ, ಮಲಗಿದ್ದೆ.

“ಅವ್ವ ಮನ್ಯಾಗ ಅದಾಳ್ರಿ. ಸಾಲಿ ಕಲಿಸಿದ ಸಾರ್ ಅಂತ ನಿಮ್ಮನ್ನ ಭಾಳ ನೆನಸ್ತಾಳ. ಇಲ್ಲೇ ಹಿಂದಿನ ಓಣಿ. ಬರ್ರಿ, ಚಾ ಕುಡದು ಹೋಗೀರಂತ.”

ಕೈಗಡಿಯಾರ ನೋಡಿಕೊಂಡೆ. ಇದು ತಪ್ಪಿದರೆ ಬೇರೆ ಬಸ್ಸಿಲ್ಲ ಎಂದು ಹೇಳಿ ಹತ್ತಿಬಿಟ್ಟೆ. ಅವಳು ಕಿಟಕಿಯ ಹತ್ತಿರ ಬಂದು ನಿಂತು ಕೈ ಮುಗಿದಳು.

ಬಳ್ಳಾರಿಗೆ ಅವತ್ತು ಇನ್ನೂ ಮೂರು ಬಸ್ಸುಗಳಿದ್ದವು.